ಕಾರಣ ಬರೆಯದ ಒಂದು ಸಾಲು

ನನ್ನ ಸೋದರಮಾವ ಬೈಲಹೊಂಗಲದ ಕಡೆಯವರು. ಸೇನೆಯಲ್ಲಿ ಹವಾಲ್ದಾರರಾಗಿದ್ದು, ನಿವೃತ್ತಿಯ ನಂತರ ಪುಣೆಯ ಹಡಪ್ಸರದಲ್ಲಿ ಕಾರ್ಖಾನೆಯೊಂದರ ಕಾವಲು ಕೆಲಸ ಹಿಡಿದು ಅಲ್ಲೇ ಮನೆ ಮಾಡಿದರು. 2006ರಲ್ಲಿ ಸೇನೆಯಿಂದ ಬಿಡುಗಡೆಯಾಗುವಾಗ ವೈದ್ಯಕೀಯ ಮಂಡಳಿ ಅವರಿಗೆ ರಕ್ತದೊತ್ತಡವಿದೆ, ಅಂಗವೈಕಲ್ಯ ಜೀವನಪರ್ಯಂತ ಶೇ 30 ಎಂದು ಬರೆಯಿತು. ಅದರ ಕೆಳಗೇ, ಈ ಕಾಯಿಲೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂದಿತು. ಅಂಗವೈಕಲ್ಯ ಪಿಂಚಣಿ ತಪ್ಪಿತು. ಮೇಲ್ಮನವಿಗೆ ಬಂದ ಉತ್ತರದಲ್ಲೂ ಅದೇ ಸಾಲಿತ್ತು. ಮಾವ ಸುಮ್ಮನಾದರು. ಸುಮ್ಮನಾಗುವವರನ್ನು ನಂಬಿಕೊಂಡೇ ಇಂಥ ಸಾಲುಗಳು ಬದುಕುತ್ತವೆ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ಬಹಳ ವರ್ಷಗಳ ಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮುಂಬೈ ಪೀಠಕ್ಕೆ ಅರ್ಜಿ ಹಾಕಿದರು. ವಿಚಾರಣೆಯ ಹಿಂದಿನ ರಾತ್ರಿ ಡೊಂಬಿವಲಿಯ ನಮ್ಮ ಮನೆಯಲ್ಲೇ ಉಳಿದರು. ಗಡಿಯ ಪೋಸ್ಟಿಂಗಿನ ಪತ್ರ, ಪದಕದ ಪ್ರಮಾಣಪತ್ರ, ಔಷಧಿ ಚೀಟಿ ಎಲ್ಲವನ್ನೂ ಚೀಲದಲ್ಲಿ ತುಂಬಿಕೊಂಡು ಬಂದಿದ್ದರು. "ಕಾಯಿಲೆ ಅಲ್ಲೇ ಬಂತು ಅಂತ ಹೇಗೆ ತೋರಿಸಲಿ?" ಎಂಬುದೊಂದೇ ಅವರ ಚಿಂತೆ.

ವಕೀಲರು ಮರುದಿನ ಆ ಚೀಲದಿಂದ ಒಂದೇ ಹಾಳೆ ತೆಗೆದರು. ಸೇನೆಗೆ ಸೇರುವಾಗಿನ ವೈದ್ಯಕೀಯ ತಪಾಸಣೆಯ ನಕಲು. ಅಂಚು ಹಳದಿಗಟ್ಟಿತ್ತು. ಕಾಯಿಲೆ ನಮೂದಿಸುವ ಕಾಲಮ್ಮಿನಲ್ಲಿ ಒಂದು ಅಡ್ಡಗೆರೆ ಬಿಟ್ಟರೆ ಏನೂ ಇರಲಿಲ್ಲ.

ಪೀಠದಲ್ಲಿ ಒಬ್ಬರು ನ್ಯಾಯಾಂಗ ಸದಸ್ಯರು, ಇನ್ನೊಬ್ಬರು ನಿವೃತ್ತ ಸೇನಾಧಿಕಾರಿ. ಅವರನ್ನು ಕಂಡದ್ದೇ ಮಾವ ಹಿಂದಿನ ಬೆಂಚಿನಲ್ಲೂ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಪೀಠ ಅವರ ರಕ್ತದೊತ್ತಡ ಎಷ್ಟೆಂದು ವಿಚಾರಿಸಲಿಲ್ಲ. ಸೇರುವಾಗ ಈ ಕಾಯಿಲೆ ದಾಖಲಾಗಿತ್ತೇ? ಇಲ್ಲವಾದರೆ ಸೇವೆಗೆ ಸಂಬಂಧವಿಲ್ಲ ಎನ್ನಲು ವೈದ್ಯಕೀಯ ಮಂಡಳಿ ಕೊಟ್ಟ ಕಾರಣ ಎಲ್ಲಿದೆ? ಸರ್ಕಾರದ ವಕೀಲರು ಹಾಳೆ ಮಗುಚಿದರು, ಮತ್ತೆ ಮಗುಚಿದರು. ಕಾರಣ ಇರಲಿಲ್ಲ.

ಮಾವ ಬಿಡುಗಡೆಯಾದಾಗ ಜಾರಿಯಲ್ಲಿದ್ದ, ಸೇನೆಯ ಅಂಗವೈಕಲ್ಯ ಪಿಂಚಣಿ ಯಾರಿಗೆ ಸಲ್ಲಬೇಕೆಂಬ 1982ರ ನಿಯಮಗಳು ಹೇಳುತ್ತಿದ್ದುದೂ ಇದನ್ನೇ: ಸೇರುವಾಗ ಆರೋಗ್ಯವಂತ ಎಂದು ತೆಗೆದುಕೊಂಡ ಯೋಧ ಕಾಯಿಲೆಯಿಂದ ಹೊರಬಿದ್ದರೆ ಅದು ಸೇವೆಯ ಫಲವೆಂದೇ ಭಾವಿಸಬೇಕು, ರುಜುವಾತಿನ ಹೊರೆ ಅವನ ಮೇಲಿಲ್ಲ, ಸಂದೇಹದ ಲಾಭ ಅವನಿಗೇ. ಅಪಸ್ಮಾರದಿಂದ ಸೇವೆ ಕಳೆದುಕೊಂಡ ಧರ್ಮವೀರ್ ಸಿಂಗ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಇಷ್ಟು ವರ್ಷ ಮಾವ ತಮ್ಮದಲ್ಲದ ಹೊರೆ ಹೊತ್ತಿದ್ದರು.

ಅರ್ಜಿ ಪುರಸ್ಕೃತವಾಯಿತು. ಮಾವನ ಶೇ 30 ಅನ್ನು ಪಿಂಚಣಿಯ ಲೆಕ್ಕಕ್ಕೆ 50 ಎಂದು ಹಿಡಿದರು. ಆದರೆ ಬಾಕಿ ಹಣ ಸಿಕ್ಕಿದ್ದು ಅರ್ಜಿ ಹಾಕುವ ಮುಂಚಿನ 3 ವರ್ಷಗಳದ್ದು ಮಾತ್ರ. ತಡವಾಗಿ ಬಂದವರಿಗೆ 2008ರ ತೀರ್ಪೊಂದು ಹಾಕಿದ ಮಿತಿ ಅದು. ತಪ್ಪು ಬರೆದವರಿಗೆ ಉಳಿತಾಯ, ಗೊತ್ತಿಲ್ಲದೆ ಕಾದವರಿಗೆ ನಷ್ಟ. ಇದು ನನಗೆ ಒಪ್ಪಿಗೆಯಾಗುವುದಿಲ್ಲ.

ಮಾವನ ಕಾರ್ಖಾನೆಯಲ್ಲಿ ಅದೇ ಸಾಲು ಬರೆಸಿಕೊಂಡ ಇನ್ನೊಬ್ಬ ನಿವೃತ್ತ ಯೋಧರಿದ್ದಾರೆ. ಸೇರ್ಪಡೆಯ ವೈದ್ಯಕೀಯ ಕಾಗದದ ನಕಲು ಕೊಡಿ ಎಂದು ಅವರ ಕೈಯಲ್ಲಿ ಮಾವ ಕಳೆದ ವಾರ ಅರ್ಜಿ ಬರೆಸಿದರು.