ಸೊಪ್ಪಿನ ಹಟ್ಟಿ, ಒಂದೇ ಬೈರಾಸು, ಸುಪ್ತ ಕೆಚ್ಚಲು ಬಾವು

ಹಾಲಿನ ಸೊಸೈಟಿಯಲ್ಲಿ ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಶೇಕಡಾ 8.3ಕ್ಕಿಂತ ಕೆಳಗೆ ಬಂತೆಂದರೆ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಮೊದಲ ಬೈಗುಳ ಹಿಂಡಿಗೆ, ಎರಡನೆಯದು ಅಳೆಯುವ ಮಿಷನಿಗೆ. ಕೆಚ್ಚಲಿನ ನೆನಪಾಗುವುದು ಹಾಲಿನಲ್ಲಿ ಗರಣೆ ಕಂಡ ಮೇಲೆ. ಸುಪ್ತ ಕೆಚ್ಚಲು ಬಾವಿನಲ್ಲಿ ಊತವಿಲ್ಲ, ನೋವಿಲ್ಲ, ಹಾಲು ನೋಡಲಿಕ್ಕೆ ಹಾಲಿನ ಹಾಗೆಯೇ ಇರುತ್ತದೆ. ಆದರೆ ಒಳಗೆ ಹಾಲಿನ ಸಕ್ಕರೆ ಲ್ಯಾಕ್ಟೋಸ್, ಹಾಲಿನ ಪ್ರೋಟೀನ್ ಕೇಸಿನ್ ಎರಡೂ ಇಳಿದಿರುತ್ತವೆ. ಎಸ್‌ಎನ್‌ಎಫ್ ಜಾರುವುದು ಅದರಿಂದಲೂ ಹೌದು. ನಾಲ್ಕು ದನಗಳ ಹಾಲು ಒಂದೇ ಕ್ಯಾನಿಗೆ ಬಿದ್ದರೆ ಯಾವ ದನದ ಯಾವ ಮೊಲೆಯದ್ದು ತಕರಾರು ಎಂದು ಹೇಳುವವರಿಲ್ಲ.

ಇದು ಒಬ್ಬರಿಂದ ಸರಿಯಾಗುವ ಕೆಲಸವಲ್ಲ. ಡಾಕ್ಟರು ಬರೆದುಕೊಟ್ಟು ಹೋಗುತ್ತಾರೆ, ಯಜಮಾನರು ತಲೆ ಆಡಿಸುತ್ತಾರೆ, ಕರೆಯುವವರು ಬೇರೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 2000ರ ದಶಕದಲ್ಲಿ ‘ಮಿಲ್ಕ್ ಮನಿ’ ಎಂಬ ಕಾರ್ಯಕ್ರಮ ನಡೆಸಿದ್ದು ಈ ಸಂಗತಿಯನ್ನೇ ಹಿಡಿದು: ರೈತ, ಪಶುವೈದ್ಯ, ಡೈರಿಯ ಪ್ರತಿನಿಧಿ ಎಲ್ಲರೂ ತಿಂಗಳಿಗೊಮ್ಮೆ ಫಾರ್ಮಿನಲ್ಲೇ ಕೂತು ಮಾತಾಡುವುದು. ಅಲ್ಲಿಯ ಫಾರ್ಮಿನ ಗಾತ್ರ ನಮಗೆ ಹೊಂದುವುದಿಲ್ಲ, ಆದರೆ ಕೂತು ಮಾತಾಡುವ ಕ್ರಮ ಹೊಂದುತ್ತದೆ. ನಾಲ್ಕು ದನ ಇರುವಲ್ಲಿ ಯಜಮಾನರು, ಕರೆಯುವವರು, ಹಟ್ಟಿ ತೊಳೆಯುವವರು, ಡಾಕ್ಟರು, ಸೊಸೈಟಿಯಲ್ಲಿ ಹಾಲು ಪರೀಕ್ಷೆ ಮಾಡುವವರು ಸೇರಿದರೆ ಸಾಕು. ಸೇರಬೇಕಾದ್ದು ಚಾವಡಿಯಲ್ಲಿ ಅಲ್ಲ, ಹಟ್ಟಿಯಲ್ಲಿ, ಹಾಲು ಕರೆಯುವ ಹೊತ್ತಿಗೆ.

ಮೊದಲ ದಿನ ಮಾತು ಬೇಡ, ಪ್ಯಾಡಲ್ ಪರೀಕ್ಷೆ ಮಾಡಿ. ನಾಲ್ಕು ಗುಳಿಯ ತಟ್ಟೆಗೆ ನಾಲ್ಕು ಮೊಲೆಗಳಿಂದ 2-3 ಮಿ.ಲೀ. ಹಾಲು ಕರೆದು, ಅಷ್ಟೇ ಸಿಎಂಟಿ (ಕೆಚ್ಚಲು ಬಾವು ಪತ್ತೆಮಾಡುವ ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್) ದ್ರಾವಣ ಹಾಕಿ, ಹತ್ತು ಸೆಕೆಂಡು ತಿರುಗಿಸಿ ನೋಡಿ. ನೀರಾಗಿಯೇ ಹರಿದರೆ ಚಿಂತೆಯಿಲ್ಲ. ಲೋಳೆಯಾಗಿ ತಟ್ಟೆಗೆ ಅಂಟಿ ಎಳೆದರೆ ಆ ಮೊಲೆಯಲ್ಲಿ ಬಾವು ಇದೆ. ದ್ರಾವಣ ಸಿಗದಿದ್ದರೆ ಅರ್ಧ ಲೀಟರ್ ನೀರಿಗೆ 15 ಗ್ರಾಂ ಬಟ್ಟೆ ಸೋಪಿನ ಪುಡಿ ಕರಗಿಸಿದರೂ ನಡೆಯುತ್ತದೆ. ಕರು ಹಾಕಿದ ಹೊಸತರಲ್ಲಿ, ಹಾಲು ಬತ್ತುವ ಹೊತ್ತಿನಲ್ಲಿ ಆರೋಗ್ಯದ ಮೊಲೆಯೂ ಲೋಳೆ ತೋರಿಸಬಹುದು, ಆಗ ಗಾಬರಿ ಬೇಡ. ಫಲಿತಾಂಶವನ್ನು ದನದ ಹೆಸರು, ಮೊಲೆಯ ಜಾಗ ಸಮೇತ ಹಟ್ಟಿಯ ಗೋಡೆಯ ಕ್ಯಾಲೆಂಡರಿನಲ್ಲೇ ಬರೆಯುವುದು ಒಳ್ಳೆಯದು.

ಮತ್ತೆ ಸುಮ್ಮನೆ ನಿಂತು ಕರೆಯುವುದನ್ನು ನೋಡಿ. ಮೂಲ ಹೆಚ್ಚಾಗಿ ಅಲ್ಲೇ ಕಾಣುತ್ತದೆ. ಒಂದೇ ಬೈರಾಸಿನಲ್ಲಿ ನಾಲ್ಕೂ ದನಗಳ ಕೆಚ್ಚಲು ಒರೆಸುವುದು, ಹೆಬ್ಬೆರಳು ಮಡಚಿ ಎಳೆಯುವುದು, ತೆಂಗಿನೆಣ್ಣೆ ಅದ್ದಿದ ಬೆರಳನ್ನೇ ಮತ್ತೆ ಮತ್ತೆ ಗಿಂಡಿಗೆ ಹಾಕುವುದು. ಬಾವು ತರುವ ಬ್ಯಾಕ್ಟೀರಿಯಾ ಸ್ಟ್ಯಾಫಿಲೊಕಾಕಸ್ ಆರಿಯಸ್ ಒಂದು ದನದಿಂದ ಇನ್ನೊಂದಕ್ಕೆ ದಾಟುವುದು ಕೈ ಮತ್ತು ಬಟ್ಟೆಯ ಮೂಲಕ. ‘ದನಕ್ಕೊಂದು ಬಟ್ಟೆ’ ಎಂದು ಡಾಕ್ಟರು ಹೇಳುವುದು ಸುಲಭ. ಆಟಿ ತಿಂಗಳ ಮಳೆಯಲ್ಲಿ ದಿನಕ್ಕೆ ಎಂಟು ತುಂಡು ಬಟ್ಟೆ ಕುದಿಸಿ ಒಣಗಿಸುವವರು ಯಾರು? ಆ ಮಾತು ಹೊರಬರುವುದು ಎಲ್ಲರೂ ಕೂತಾಗ ಮಾತ್ರ. ಅಡಿಗೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುತ್ತೀರೋ, ಮಳೆಗಾಲಕ್ಕೆ ಹಳೆ ಪೇಪರಿನ ತುಂಡು ಬಳಸುತ್ತೀರೋ, ಅಲ್ಲೇ ತೀರ್ಮಾನವಾಗಲಿ. ಲೋಳೆ ತೋರಿಸಿದ ದನವನ್ನು ಕೊನೆಗೆ ಕರೆಯುವುದಕ್ಕೆ ಕಾಸೂ ಬೇಡ.

ಕರೆದ ಕೂಡಲೇ ಮೊಲೆ ಅದ್ದಲಿಕ್ಕೆ 0.5 ಶೇಕಡಾ ಅಯೋಡಿನ್ ಆರು ಪಾಲು, ಗ್ಲಿಸರಿನ್ ಒಂದು ಪಾಲು. ಕಪ್ಪಿನಲ್ಲಿ ಉಳಿದದ್ದನ್ನು ಚೆಲ್ಲಬೇಕು, ಬಾಟಲಿಗೆ ಸುರಿಯಬಾರದು. ಹೆಚ್ಚಿನವರು ಜಿಪುಣತನ ಮಾಡುವುದು ಇಲ್ಲೇ.

ನೆಲಕ್ಕೆ ಸೊಪ್ಪು ಹಾಸುವ ಸೊಪ್ಪಿನ ಹಟ್ಟಿಯದ್ದು ಬೇರೆಯೇ ಪಂಚಾತಿಕೆ. ಅಡಕೆ ತೋಟಕ್ಕೆ ಗೊಬ್ಬರ ಬೇಕು, ಹಾಗಾಗಿ ಸೊಪ್ಪು ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆದರೆ ಸೆಗಣಿ, ಗಂಜಳ ಸೇರಿ ಬಿಸಿಯಾದ ಹಸಿಸೊಪ್ಪು ಬಾವು ತರುವ ಇನ್ನೊಂದು ಬ್ಯಾಕ್ಟೀರಿಯಾ ಇ. ಕೋಲಿಗೆ ಹೇಳಿ ಮಾಡಿಸಿದ ಜಾಗ. ಹಾಲು ಕರೆದ ಮೇಲೆ ಮೊಲೆಯ ತೂತು ಮುಚ್ಚಲಿಕ್ಕೆ ಅರ್ಧದಿಂದ ಒಂದು ಗಂಟೆ ಬೇಕು. ಅಷ್ಟು ಹೊತ್ತು ದನ ಮಲಗಬಾರದು, ಹಾಗಾಗಿ ಹುಲ್ಲು ಹಾಕುವುದು ಕರೆದ ನಂತರ. ಬೇಸಿಗೆಯಲ್ಲಿ ಒಟ್ಟಿಟ್ಟ ತರಗೆಲೆಯನ್ನು ಮಳೆಗಾಲದಲ್ಲಿ ಹಸಿಸೊಪ್ಪಿನ ಮೇಲೆ ಹರಡಬಹುದು. ಕರು ಹಾಕಲಿಕ್ಕೆ ಎರಡು ವಾರ ಇರುವಾಗಲೇ ದನವನ್ನು ಒಣನೆಲಕ್ಕೆ ಕಟ್ಟಬೇಕು. ಬಾವು ಸುಲಭವಾಗಿ ಹಿಡಿಯುವುದು ಆಗಲೇ.

ಹಾಲು ಕರೆಯುವ ಮಿಷನ್ ಇದ್ದರೆ, ಮೊಲೆಗೆ ಕೂರುವ ರಬ್ಬರ್ ಲೈನರಿನ ಆಯುಸ್ಸು ಸುಮಾರು 2,500 ಕರಾವು. ನಾಲ್ಕು ದನ, ದಿನಕ್ಕೆ ಎರಡು ಸಲ, ಒಂದೇ ಕ್ಲಸ್ಟರ್ (ನಾಲ್ಕು ಮೊಲೆಗೆ ಹಾಕುವ ಕಪ್ಪುಗಳ ಜೋಡಣೆ) ಎಂದರೆ ಹತ್ತು ತಿಂಗಳು. ಹಾಕಿದ ತಾರೀಕು ಬರೆದಿಡದಿದ್ದರೆ ಎರಡು ವರ್ಷ ಕಳೆದದ್ದೂ ಗೊತ್ತಾಗುವುದಿಲ್ಲ.

ಒಂದು ತಿಂಗಳಿಗೆ ಎರಡೇ ಬದಲಾವಣೆ ಹಿಡಿಯಿರಿ, ಪ್ರತಿಯೊಂದಕ್ಕೂ ಒಬ್ಬರ ಹೆಸರು ಬರೆಯಿರಿ. ಮುಂದಿನ ತಿಂಗಳು ಅದೇ ಪ್ಯಾಡಲ್ ತೆಗೆದು ಹಳೆಯ ಪುಟದ ಪಕ್ಕದಲ್ಲಿ ಹೊಸ ಫಲಿತಾಂಶ ಇಡಿ. ಆ ದಿನ ಮರೆಯದೆ ಕೇಳಬೇಕಾದ ಪ್ರಶ್ನೆ ಒಂದಿದೆ: ಕರೆಯುವವರು ಭೂತದ ಕೋಲಕ್ಕೆ ಹೋದ ರಾತ್ರಿ ಅಯೋಡಿನ್ ಅದ್ದಿದ್ದು ಯಾರು?