ಹುಲಾ ಶಾಲೆಯ ಊನಿಕಿಗೆ ಹವಾಯಿಗೆ ಹೊರಟಿದ್ದೀರಾ?

ಮೊದಲು ಒಂದು ವಿಷಯ ತಿಳಿದಿರಲಿ. ಊನಿಕಿ, ಅಂದರೆ ಹವಾಯಿಯ ಸಾಂಪ್ರದಾಯಿಕ ನೃತ್ಯ ಹುಲಾ ಕಲಿತವರಿಗೆ ಗುರುಗಳು ಪದವಿ ಕೊಡುವ ವಿಧಿ, ಟಿಕೆಟ್ ತಗೊಂಡು ನೋಡುವ ಕಾರ್ಯಕ್ರಮ ಅಲ್ಲ. ಅದರ ಮುಖ್ಯ ಭಾಗ ಹೊರಗಿನವರಿಗೆ ಕಾಣಿಸುವುದೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಪಕ್ಕದ ಮನೆಯವರ ಊರು ಹವಾಯಿಯ ಹಿಲೋ. ಅಲ್ಲಿನ ಒಂದು ಹಾಲಾವ್‌ನಲ್ಲಿ, ಹುಲಾ ಶಾಲೆಗೆ ಹಾಗೇ ಹೇಳುವುದು, ಅವರ ಮಗಳು ವರ್ಷಗಟ್ಟಲೆ ಕಲಿತು ಓಲಪಾ ಆದಳು, ಅಂದರೆ ಗುರುಗಳು ಒಪ್ಪಿದ ನರ್ತಕಿ. ಅವರು ಕರೆದಿದ್ದಕ್ಕೆ ನಾವು ಹೋಗಿದ್ದು.

ರಂಗಪ್ರವೇಶದ ಲೆಕ್ಕದಲ್ಲಿ ಹೋಗಬೇಡಿ. ರಂಗಪ್ರವೇಶದಲ್ಲಿ ಎಲ್ಲವೂ ಸಭೆಯ ಎದುರೇ ನಡೆಯುತ್ತದೆ, ಅಲ್ವಾ? ಇಲ್ಲಿ ಅದಕ್ಕೂ ಮೊದಲು ವಿದ್ಯಾರ್ಥಿಗಳು ಕಟ್ಟುನಿಟ್ಟಿನ ವ್ರತದಲ್ಲಿರುತ್ತಾರೆ, ಹುಲಾದ ದೇವತೆ ಲಾಕಾಳ ಪೀಠಕ್ಕೆ ಮೈಲೆ ಬಳ್ಳಿ, ಪಲಪಲೈ ಜರೀಗಿಡದಂಥ ಕಾಡಿನ ಸೊಪ್ಪು ತಂದು ಅಲಂಕರಿಸುತ್ತಾರೆ, ಬೆಳಕು ಹರಿಯುವ ಮುಂಚೆ ಸಮುದ್ರದಲ್ಲಿ ಮುಳುಗಿ ಶುದ್ಧರಾಗುತ್ತಾರೆ. ಇವೆಲ್ಲ ಗುರು ಶಿಷ್ಯರ ನಡುವಿನ ಮಾತು. ಒಂದೊಂದು ಹಾಲಾವ್‌ನದ್ದು ಒಂದೊಂದು ಕ್ರಮ, ಕೆಲವು ಕಡೆ ಪೂರ್ತಿ ಗುಟ್ಟಾಗಿಯೇ ಮುಗಿಯುತ್ತದೆ. ನೆಂಟರು, ಸ್ನೇಹಿತರು ನೋಡುವುದು ಆಮೇಲಿನ ಪ್ರದರ್ಶನ, ಅದರ ಹೆಸರು ಹೋಇಕೆ. ಹಾಗಾಗಿ ವಿಮಾನ ಬುಕ್ ಮಾಡುವ ಮುಂಚೆ ಹೋಇಕೆ ಯಾವ ದಿನ, ಎಷ್ಟು ಜನಕ್ಕೆ ಅವಕಾಶ ಅಂತ ಆ ಮನೆಯವರನ್ನೇ ಕೇಳಿ. ವಿಧಿಯ ಬಗ್ಗೆ ಮಾತ್ರ ಕೆದಕಿ ಕೆದಕಿ ಕೇಳಬೇಡಿ.

ಸ್ವಲ್ಪ ಮುಂಚೆಯೇ ಹೋಗಿ ಕೂತುಕೊಳ್ಳಿ, ಶುರುವಿನ ಭಾಗ ತಪ್ಪಿಸಿಕೊಳ್ಳಬಾರದು. ವಿದ್ಯಾರ್ಥಿಗಳು ಹೊರಗೇ ನಿಂತು, ಒಳಗೆ ಬರಲು ಅಪ್ಪಣೆ ಕೇಳಿ ಒಟ್ಟಿಗೆ ಹಾಡಿದರು. ಒಳಗಿಂದ ಉತ್ತರ ಇಲ್ಲ. ಮತ್ತೆ ಹಾಡಿದರು, ಈ ಸಲ ದನಿ ಗಟ್ಟಿಯಾಗಿತ್ತು. ಆಮೇಲಷ್ಟೇ ಕುಮು ಹುಲಾ, ಅಂದರೆ ಅವರ ಗುರುಗಳು, ಹಾಡಿನಲ್ಲೇ ಒಳಗೆ ಕರೆದರು. ಎರಡು ಸೋರೆ ಬುರುಡೆ ಜೋಡಿಸಿದ ಇಪು ಹೆಕೆ ಎಂಬ ತಾಳವಾದ್ಯವನ್ನು ಚಾಪೆ ಮೇಲೆ ಕುಟ್ಟಿ, ಮರುಕ್ಷಣ ಅದರ ಬದಿಗೆ ಬೆರಳಿನಿಂದ ತಟ್ಟುತ್ತಾರೆ. ಆ ತಾಳಕ್ಕೆ ಅಷ್ಟೂ ಜನರ ಮೊಣಕಾಲು ಒಟ್ಟಿಗೆ ಬಗ್ಗಿದ್ದು ನೋಡಿ ನನಗೆ ಕಣ್ಣು ತುಂಬಿ ಬಂತು. ಇದೇ ಹುಲಾವನ್ನು ಊರೆದುರು ಆಡಬಾರದು ಅಂತ 1830ರಲ್ಲಿ ರಾಣಿ ಕಾಅಹುಮನು ತಡೆದಿದ್ದರು. 1883ರಲ್ಲಿ ರಾಜ ಕಲಾಕೌವ ತನ್ನ ಪಟ್ಟಾಭಿಷೇಕದಲ್ಲೇ ಅದನ್ನು ಮತ್ತೆ ಆಡಿಸಿದ.

ಫೋಟೊ ತೆಗೆಯುವ ಮುಂಚೆ ಕೇಳಿ. ಪೀಠದ ಫೋಟೊ ಅಂತೂ ಬೇಡವೇ ಬೇಡ. ಹುಡುಗಿ ತೊಟ್ಟ ಸೊಪ್ಪಿನ ಮಾಲೆ, ಕೈಕಾಲಿನ ಬಳೆ ಮುಟ್ಟಬೇಡಿ. ನೀವು ತಂದ ಲೇ, ಅಂದರೆ ಹೂವಿನ ಹಾರ, ಕುಣಿತ ಪೂರ್ತಿ ಮುಗಿದ ಮೇಲೆ ಹಾಕಿ. ಹಿಲೋ ಸಂತೆಯಲ್ಲಿ ಚೆನ್ನಾಗಿರುವ ಲೇ ಸಿಗುತ್ತದೆ, ಬುಧವಾರ ಮತ್ತು ಶನಿವಾರ ಸಂತೆ ಜೋರು. ನಿಮಗೆ ಯಾರಾದರೂ ಲೇ ಹಾಕಿದರೆ ಅವರೆದುರು ತೆಗೆಯಬಾರದು.

ಊಟದಲ್ಲಿ ಸಸ್ಯಾಹಾರಿಗಳು ಹುಷಾರು. ಎಲೆಯಲ್ಲಿ ಕಟ್ಟಿ ಬೇಯಿಸಿದ ಲೌಲೌ ನೋಡಲು ಬರೀ ಸೊಪ್ಪು, ಒಳಗೆ ಸಾಮಾನ್ಯವಾಗಿ ಹಂದಿ ಮಾಂಸ. ಕೆಸುವಿನ ಗೆಡ್ಡೆ ಅರೆದು ಮಾಡುವ ಪೊಯಿ, ಅದೇ ಗೆಡ್ಡೆಗೆ ತೆಂಗಿನಹಾಲು, ಸಕ್ಕರೆ ಹಾಕುವ ಕುಲೊಲೊ ತಿನ್ನಬಹುದು. ಕುಲೊಲೊ ನಮ್ಮ ಮನೆಯವರಿಗೆಲ್ಲ ತುಂಬಾ ಹಿಡಿಸಿತು.

ಹಿಲೋಗೆ ಜಾಸ್ತಿ ಜನ ಹೊನೊಲುಲುವಿನಲ್ಲಿ ವಿಮಾನ ಬದಲಿಸಿ ಬರುತ್ತಾರೆ. ಅಲ್ಲಿ ಮಳೆ ಯಾವಾಗ ಬೇಕಾದರೂ ಬರುತ್ತದೆ, ಕೊಡೆ ಇರಲಿ. ಕಾರು ಬಾಡಿಗೆಗೆ ತಗೊಳ್ಳದೆ ಓಡಾಟ ಕಷ್ಟ.

ಕರೆಯುವವರು ಯಾರೂ ಇಲ್ಲದಿದ್ದರೆ ಈಸ್ಟರ್ ವಾರದಲ್ಲಿ ಹಿಲೋಗೆ ಬನ್ನಿ. 1964ರಲ್ಲಿ ಶುರುವಾದ ಮೆರ್ರಿ ಮೊನಾರ್ಕ್ ಎಂಬ ಹುಲಾ ಉತ್ಸವ ಈಸ್ಟರ್ ಭಾನುವಾರದಿಂದ ವಾರಪೂರ್ತಿ ನಡೆಯುತ್ತದೆ. ಮೆರ್ರಿ ಮೊನಾರ್ಕ್, ಅಂದರೆ ಖುಷಿಯ ರಾಜ, ಅನ್ನುವುದು ಕಲಾಕೌವ ರಾಜನ ಅಡ್ಡಹೆಸರು, ಅವನ ಹೆಸರಲ್ಲೇ ಈ ಉತ್ಸವ. ಅಲ್ಲಿನ ಹುಲಾ ಸ್ಪರ್ಧೆಯ ಟಿಕೆಟ್‌ಗೆ ತಿಂಗಳುಗಳ ಮುಂಚೆಯೇ ಅರ್ಜಿ ಹಾಕಬೇಕು, ಬುಧವಾರ ರಾತ್ರಿಯ ಹೋಇಕೆ, ಅಂದರೆ ಸ್ಪರ್ಧೆಯಿಲ್ಲದ ಪ್ರದರ್ಶನ, ಮಾತ್ರ ಉಚಿತ. ಆ ವಾರ ರೂಮು ಸಿಗುವುದು ಬಹಳ ಕಷ್ಟ, ಮೊದಲು ಅದನ್ನು ನೋಡಿಕೊಳ್ಳಿ.

ಹತ್ತಿರದ ಕೀಲವೇಯಾ ಜ್ವಾಲಾಮುಖಿಗೂ ಹೋಗುವವರು ಕಾಡಿನ ದಾರಿ ಶುರುವಾಗುವಲ್ಲಿ ಇಟ್ಟಿರುವ ಬ್ರಷ್‌ನಿಂದ ಶೂ ಉಜ್ಜಿಕೊಂಡೇ ಒಳಗೆ ಹೋಗಿ. ಹುಲಾದವರು ಪೂಜ್ಯವಾಗಿ ಕಾಣುವ ಓಹಿಯಾ ಮರಗಳನ್ನು ಒಂದು ಶಿಲೀಂಧ್ರ ರೋಗ ಸಾಯಿಸುತ್ತಿದೆ, ಶೂಗೆ ಅಂಟಿದ ಮಣ್ಣಿನಿಂದಲೂ ಅದು ಹರಡುತ್ತದೆ.