ಕಾಗೆಯ ಕತ್ತು

21 ಸೆಪ್ಟೆಂಬರ್ 2025, ಭಾನುವಾರ
ಮೈಸೂರು

ಇವತ್ತು ಮಹಾಲಯ ಅಮಾವಾಸ್ಯೆ. ನಾಳೆಯಿಂದ ದಸರಾ. ಊರೆಲ್ಲ ದೀಪದ ಸರ ಹಾಕಿಕೊಂಡು ಕೂತಿದೆ. ನಾನು ಮಾತ್ರ ಬೆಳಿಗ್ಗೆಯಿಂದ ಒಂದು ಕಾಗೆಯ ಕತ್ತಿನ ಚಿಂತೆಯಲ್ಲಿದ್ದೇನೆ.

ನಮ್ಮ ಬೀದಿಯ ಹಕ್ಕಿಗಳ ಮುಖಚಿತ್ರ ಮಾಡಬೇಕು ಅಂತ ಜೂನ್‌ನಲ್ಲಿ ಶುರು ಮಾಡಿದ್ದು. ರಂಗನತಿಟ್ಟಿನ ಕೊಕ್ಕರೆಗಳು ಬೇಡ. ಅವಕ್ಕೆ ಉದ್ದ ಲೆನ್ಸಿನವರು ಬೇಕಾದಷ್ಟು ಜನ ಇದ್ದಾರೆ. ಗೊರವಂಕ, ಪಿಕಳಾರ, ಹರಟೆಮಲ್ಲ ಮುಗಿದವು. ಬರೀ ಬಣ್ಣ ಅಲ್ಲ. ಹಳೆ ಕಾಗದ, ಬಟ್ಟೆ ಚೂರು, ದಾರ, ಇಂಕು, ಕೈಗೆ ಸಿಕ್ಕಿದ್ದೆಲ್ಲ. ಮಿಕ್ಸೆಡ್ ಮೀಡಿಯಾ ಅಂದರೆ ಸ್ವಲ್ಪ ಗೌರವ. ನಮ್ಮ ಅತ್ತೆ ಅದಕ್ಕೆ ‘ಕಸ ಅಂಟಿಸೋದು’ ಅನ್ನುತ್ತಾರೆ. ಅದೂ ಸುಳ್ಳಲ್ಲ.

ಪಿಕಳಾರದ ಕೆನ್ನೆಯ ಕೆಂಪಿಗೆ ಬ್ಲೌಸ್ ಪೀಸಿನ ಚೂರು ಸಾಕಾಯಿತು. ಹರಟೆಮಲ್ಲನದು ಬಿಳಿಗಣ್ಣು, ಯಾವಾಗಲೂ ಯಾರನ್ನೋ ಬೈಯುತ್ತಿರುವ ಹಾಗೆ. ಅದಕ್ಕೆ ಷರಟಿನ ಗುಂಡಿ ಹೊಲಿದೆ. ಕೆಟ್ಟಿದ್ದು ಗೊರವಂಕ. ಕಣ್ಣಿನ ಹಿಂದೆ ಪುಕ್ಕ ಇಲ್ಲದ ಹಳದಿ ಚರ್ಮ ಇರುತ್ತದಲ್ಲ, ಅದಕ್ಕೆ ಜಾಣತನ ಮಾಡಿ ಅರಿಶಿನ ಕಲಸಿ ಹಚ್ಚಿದೆ. ಕಿಟಕಿ ಪಕ್ಕದ ಗೋಡೆಗೆ ತೂಗುಹಾಕಿದ್ದೆ. ಒಂದು ತಿಂಗಳಲ್ಲಿ ಹಳದಿ ಮಾಯ, ಕಾಮಾಲೆ ವಾಸಿಯಾದ ಹಾಗೆ! ಅರಿಶಿನ ಬಿಸಿಲಿಗೆ ನಿಲ್ಲುವುದಿಲ್ಲ. ಸೀರೆಗೆ ಬಿದ್ದ ಅರಿಶಿನದ ಕಲೆಯನ್ನು ಬಿಸಿಲಿಗೆ ಒಣಹಾಕಿ ತೆಗೆಯುವವಳು ನಾನೇ. ಆಗ ಹೊಳೆಯಲಿಲ್ಲ ನೋಡಿ. ಈಗ ಮದುವೆ ಕಾಗದದ ಹಳದಿ ಲಕೋಟೆ ಹಚ್ಚಿದ್ದೇನೆ.

ಇನ್ನು ಕಾಗೆ. ಸುಲಭ ಅಂದುಕೊಂಡು ಕೊನೆಗೆ ಇಟ್ಟುಕೊಂಡಿದ್ದೆ. ದಿನಾ ನೋಡುವುದು ತಾನೇ ಅಂತ ನೋಡದೇ ಬರೆದೆ. ಬುಡದಿಂದ ತುದಿಯವರೆಗೆ ಕಪ್ಪು. ಮಗ ಬಂದು ನೋಡಿ, "ಇದು ಕಾಡುಕಾಗೆ ಅಲ್ವಾ ಅಮ್ಮ?" ಅಂದ. ಹೌದು. ನಮ್ಮ ಊರುಕಾಗೆಗೆ ಕತ್ತು, ಎದೆ ಬೂದಿ ಬಣ್ಣ. ನಲವತ್ತಾರು ವರ್ಷ ನೋಡಿದ್ದು ಏನನ್ನೋ.

ನನಗೆ ಬೇಕಾಗಿದ್ದು ಯಾವುದೋ ಒಂದು ಕಾಗೆಯೂ ಅಲ್ಲ. ಏಳು ಗಂಟೆಗೆ ತಾರಸಿಯ ಕಟ್ಟೆಗೆ ಬರುವ ಒಂದಿದೆ. ಮೇಲಿನ ಕೊಕ್ಕಿನ ತುದಿಯಲ್ಲಿ ಚಿಕ್ಕ ಚೂರು ಮುರಿದಿದೆ. ಅದರದ್ದೇ ಮುಖ ಬೇಕು.

ರೆಕ್ಕೆಗೆ ಕಪ್ಪು ಬಣ್ಣ ಬಳಿದರೆ ಸತ್ತ ಹಾಗೆ ಕಾಣುತ್ತದೆ. ಬಿಸಿಲಲ್ಲಿ ಕಾಗೆ ನೇರಳೆ, ನೀಲಿ ಹೊಳೆಯುತ್ತದಲ್ಲ, ಆ ಹೊಳಪು ಪುಕ್ಕದ ಒಳರಚನೆಯ ಮೇಲೆ ಬೆಳಕು ಬಿದ್ದು ಬರುವುದು. ಕುಂಚದಲ್ಲಿ ಎಲ್ಲಿಂದ ತರುವುದು? ಟ್ರಂಕಿನಲ್ಲಿ ಹಳೆ ಕಾರ್ಬನ್ ಪೇಪರ್ ಸಿಕ್ಕಿತು. ಓರೆಯಾಗಿ ಹಿಡಿದರೆ ಥೇಟ್ ಕಾಗೆ! ಮೇಣದ ಮುಖಕ್ಕೆ ಅಂಟು ಹಿಡಿಯುವುದಿಲ್ಲ, ಹಾಗಾಗಿ ಮಂಕು ಮುಖ ಕೆಳಗೆ ಮಾಡಿ ಅಂಟಿಸಬೇಕು. ಅಂಟು ಮನೆಯದ್ದೇ: ಮೈದಾ ಕುದಿಸಿ, ಹುಳ ಹಿಡಿಯದಿರಲು ಚಿಟಿಕೆ ಮೈಲುತುತ್ತ. ಪುಸ್ತಕದ ಬೈಂಡಿಂಗಿನವರ ಪಾಕ ಇದು. (ಮಕ್ಕಳಿರುವ ಮನೆಯಲ್ಲಿ ಮೈಲುತುತ್ತ ಜೋಪಾನ, ಅದು ವಿಷ.)

ನಿಜವಾದ ಪುಕ್ಕವನ್ನೇ ಅಂಟಿಸಬಹುದಲ್ಲ ಅಂತ ಪಕ್ಕದ ಮನೆಯವರು ಕೇಳಿದರು. ಇಲ್ಲ. ಪುಕ್ಕಕ್ಕೆ ಹುಳ ಬೀಳುತ್ತದೆ, ಅದು ಒಂದು. ಉದುರಿದ ನವಿಲುಗರಿಗೆ ಕಾನೂನಿನಲ್ಲಿ ಇರುವ ವಿನಾಯಿತಿ ಬೇರೆ ಕಾಡುಹಕ್ಕಿಗಳಿಗೆ ಇಲ್ಲ, ಅದು ಇನ್ನೊಂದು. 1972ರ ವನ್ಯಜೀವಿ ಕಾಯ್ದೆಯಲ್ಲಿ ಕಾಗೆಯನ್ನು ಇಲಿ, ಬಾವಲಿಗಳ ಜೊತೆ ಉಪದ್ರವಿಗಳ ಪಟ್ಟಿಗೆ ಹಾಕಿದ್ದರು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ಮನುಷ್ಯರ ಲೆಕ್ಕದಲ್ಲಿ ಕಾಗೆ ಅಂತೂ ಮೇಲೆ ಬಂತು.

ಕೊಕ್ಕಿಗೆ ಗೆಸ್ಸೋ, ಅಂದರೆ ಬಿಳಿ ಪುಡಿಗೆ ಅಂಟು ಕಲಸಿದ ಲೇಪ. ಮೈಸೂರು ಶೈಲಿಯ ಚಿತ್ರದಲ್ಲಿ ದೇವರ ಕಿರೀಟ, ಒಡವೆಗಳನ್ನು ಗೆಸ್ಸೋದಲ್ಲಿ ಉಬ್ಬಿಸಿ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ತಂಜಾವೂರಿನಷ್ಟು ದಪ್ಪ ಇರುವುದಿಲ್ಲ. ಆ ತೆಳು ಉಬ್ಬು ಕೊಕ್ಕಿನ ಬೆನ್ನಿಗೆ ಸರಿಯಾಗಿ ಕೂತಿತು. ಮುರಿದ ಚೂರನ್ನು ಹಸಿ ಇರುವಾಗಲೇ ಸೂಜಿಯಲ್ಲಿ ಕೆತ್ತಿದೆ.

ಕತ್ತಿಗೆ ಹಳೆ ಪಂಚಾಂಗದ ಹಾಳೆ. ತಿಥಿ, ನಕ್ಷತ್ರ, ಗಳಿಗೆ ಅಂತ ಒತ್ತೊತ್ತಾಗಿ ಅಚ್ಚಾದ ಆ ಕೋಷ್ಟಕ ನಾಲ್ಕಡಿ ದೂರದಿಂದ ನೋಡಿದರೆ ಬೂದಿ ಬಣ್ಣವೇ. ಅತ್ತೆಗೆ ಗೊತ್ತಾಯಿತು. "ಪಂಚಾಂಗ ಹರೀತಿದ್ದೀಯಲ್ಲೇ!" ಎಂಟು ವರ್ಷದ ಹಿಂದಿನದು ಅತ್ತೆ, ಅಂದೆ. ಸ್ವಲ್ಪ ಹೊತ್ತು ಬಿಟ್ಟು ಅವರೇ ಬೀರುವಿನಿಂದ ಇನ್ನೂ ಎರಡು ತಂದುಕೊಟ್ಟರು.

ಆದರೆ ನಿನ್ನೆ ರಾತ್ರಿ ಎಡವಟ್ಟಾಯಿತು. ಕಾರ್ಬನ್ ಮುಟ್ಟಿದ ಬೆರಳಲ್ಲೇ ಕತ್ತು ಒತ್ತಿಬಿಟ್ಟೆ. ಪಂಚಾಂಗದ ಮೇಲೆಲ್ಲ ಹೆಬ್ಬೆಟ್ಟು. ಕಿತ್ತು ಹಾಕಿ ಮತ್ತೆ ಕತ್ತರಿಸಿ ಅಂಟಿಸಿದರೆ ಕಾಗೆ ಮಫ್ಲರ್ ಸುತ್ತಿಕೊಂಡ ಹಾಗೆ ಕಾಣುತ್ತಿತ್ತು. ಹಾಗೇ ಬಿಟ್ಟು ಮಲಗಿದೆ.

ಇವತ್ತು ಹನ್ನೆರಡೂವರೆಗೆ ಹಿರಿಯರ ಎಡೆ ಆಯಿತು. ಬಾಳೆಎಲೆಯ ತುದಿಯಲ್ಲಿ ಅನ್ನ, ಪಾಯಸ, ವಡೆ ತಾರಸಿಯ ಕಟ್ಟೆ ಮೇಲಿಟ್ಟೆವು. ಕಾಗೆ ಮುಟ್ಟುವವರೆಗೂ ಮನೆಯಲ್ಲಿ ಯಾರಿಗೂ ಊಟ ಇಲ್ಲ. ಕಾ, ಕಾ ಅಂತ ಯಜಮಾನರು ಕೂಗಿದರು. ಅತ್ತೆ ಕೂಗಿದರು. ಎದುರು ತಾರಸಿಯಲ್ಲೂ ಕೂಗು, ಹಿಂದಿನ ಬೀದಿಯಲ್ಲೂ ಕೂಗು. ಒಂದೂ ಇಲ್ಲ! ಬೇರೆ ದಿನ ಹಪ್ಪಳ ಒಣಹಾಕಲು ಬಿಡದ ಜಾತಿ. ಇವತ್ತು ಎಲ್ಲ ಮನೆಯಲ್ಲೂ ಎಡೆ, ಅವಕ್ಕೂ ಹೊಟ್ಟೆ ತುಂಬಿರಬೇಕು. ನಾನು ಸುಮ್ನೆ ನೀರಿನ ಟ್ಯಾಂಕಿನ ನೆರಳಿನಲ್ಲಿ ಸ್ಕೆಚ್ ಪುಸ್ತಕ ಹಿಡಿದು ಕೂತೆ.

ಒಂದೂ ಕಾಲಿಗೆ ಒಂದು ಬಂತು. ಅನ್ನದ ಕಡೆ ನೋಡಲೂ ಇಲ್ಲ, ವಡೆ ಕಚ್ಚಿಕೊಂಡು ಹೋಯಿತು. "ಮಾವನೋರೇ," ಅಂದರು ಯಜಮಾನರು, "ವಡೆ ಅಂದ್ರೆ ಪ್ರಾಣ." ಎಲ್ಲರೂ ನಗುತ್ತಾ ಕೆಳಗೆ ಹೋದರು. ಯಾವ ಮಾವ ಅಂತ ನಾನು ಕೇಳಲಿಲ್ಲ.

ಆಮೇಲೆ ನಮ್ಮ ಮುರುಕು ಕೊಕ್ಕು ಬಂದು ಅನ್ನಕ್ಕೆ ಕೂತಿತು. ಮೂರಡಿ ದೂರ. ತಲೆ ಬಗ್ಗಿಸಿದಾಗ ನೋಡಿದೆ: ಬೂದಿ ಎಲ್ಲಿ ಮುಗಿಯುತ್ತದೆ, ಕಪ್ಪು ಎಲ್ಲಿ ಶುರುವಾಗುತ್ತದೆ ಅಂತ ಗೆರೆಯೇ ಇಲ್ಲ. ಒಂದರೊಳಗೆ ಒಂದು ಸೇರಿಕೊಂಡಿದೆ.

ಊಟ ಆದ ಮೇಲೆ ಕೈ ತೊಳೆದು, ಕತ್ತರಿ ಡ್ರಾಯರಿಗೆ ಹಾಕಿ, ಪಂಚಾಂಗವನ್ನು ಕೈಯಲ್ಲೇ ಹರಿದೆ. ಹರಿದ ಅಂಚಿನಲ್ಲಿ ಕಾಗದದ ನಾರು ಎಳೆ ಎಳೆಯಾಗಿ ಏಳುತ್ತದೆ. ಅದರ ಮೇಲೆ ನೀರು ಬೆರೆಸಿದ ಇಂಕು ಬಿಟ್ಟೆ. ನಾರಿನ ಗುಂಟ ತಾನೇ ಹರಡಿತು. ಮಫ್ಲರ್ ಹೋಯಿತು, ಕತ್ತು ಬಂತು.

ಸಂಜೆ ಹಾಲ್‌ನಲ್ಲಿ ಮೊಳೆ ಹುಡುಕುತ್ತಿದ್ದೆ. "ಶನಿಮಹಾತ್ಮನ ವಾಹನ ಕಣೇ, ಇಲ್ಲಿ ಬೇಡ," ಅಂದರು ಅತ್ತೆ. ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಕತ್ತಿನ ಹತ್ತಿರ ಒಂದು ಕಡೆ ‘ಅಮಾವಾಸ್ಯೆ’ ಅಂತ ಓದಲು ಬರುತ್ತದೆ, ಅದರ ಮೇಲೆ ಬೆರಳಿಟ್ಟರು.

"ಮೆಟ್ಟಿಲ ಹತ್ರ ಹಾಕು. ತಾರಸಿಗೆ ಹೋಗೋ ದಾರೀಲಿ."